ಎದೆಯ ಮೇಲಿನ ಬಿಲ್ಲೆ

ಎಡಗೈಯ ಮೇಲೆ ಲಿಂಗವನ್ನಿಟ್ಟುಕೊಂಡು ಕಣ್ಣು ಮುಚ್ಚಿದ ಕೂಡಲೇ ಟಿಕ್ ಎಂದಿತು. ಪಂಚಾಕ್ಷರಪ್ಪನ ಬೆನ್ನು ಸೆಟೆಯಿತು. ಮತ್ತೆ ಟಿಕ್. ಮತ್ತೆ. ಅದು ಬಚ್ಚಲಿನ ನಲ್ಲಿ ಎಂದು ಮೊದಲು ತಿಳಿದದ್ದು ಕಿವಿಗಲ್ಲ, ತೊಡೆಯ ಮೇಲೆ ತಾನಾಗಿಯೇ ತಾಳ ಹಾಕತೊಡಗಿದ್ದ ಬಲಗೈಯ ಬೆರಳಿಗೆ. ಹನಿ ಒಂದೇ ಅಳತೆಯಲ್ಲಿ ಬೀಳುತ್ತಿತ್ತು. ಚಿಕ್ಕಂದಿನಲ್ಲಿ ಮಠದ ಪಡಸಾಲೆಯ ಕಂಬಕ್ಕೆ ಒರಗಿ ಸಂಜೆಯ ಪುರಾಣ ಕೇಳುತ್ತ ಕೂತವನು ಅವನು; ಷಟ್ಪದಿಯ ಅರ್ಥ ತಲೆಗೆ ಹತ್ತುವ ಎಷ್ಟೋ ವರ್ಷ ಮೊದಲೇ ಸಾಲು ಎಲ್ಲಿ ಮುರಿಯುತ್ತದೆ, ಓದುವವರಿಗೆ ಉಸಿರು ಎಲ್ಲಿ ಸಿಗುತ್ತದೆ ಎಂಬುದು ಮೈಗೆ ಗೊತ್ತಾಗಿಹೋಗಿತ್ತು. ಕೇಳುವುದೊಂದನ್ನು ಬಿಟ್ಟರೆ ತನಗೆ ಬೇರೆ ವಿದ್ಯೆಯಿಲ್ಲ ಎಂದೇ ಅವನು ನಂಬಿದ್ದ. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇಷ್ಟು ವರ್ಷ ಸಹಾಯಕನಾಗಿ ಕೆಲಸ ಮಾಡಿದ್ದೂ ಕೇಳಿಕೊಂಡೇ. ಆದರೆ ವಿಕಿರಣ ಅಳೆಯುವ ಆ ಪೆಟ್ಟಿಗೆಯ ಸದ್ದಿಗೆ ಮಾತ್ರ ಮಾತ್ರೆಯಿರಲಿಲ್ಲ, ಗಣವಿರಲಿಲ್ಲ. ಒಂದು ಟಿಕ್ ಆದಮೇಲೆ ಇನ್ನೊಂದು ಯಾವಾಗ ಎಂದು ಯಾವ ಕಿವಿಯೂ ಹೇಳಲಾರದು. ಬೇಸಿಗೆಯಲ್ಲಿ ರಷ್ಯಾದ ಕಡೆ ಅಣುಸ್ಥಾವರ ಸಿಡಿದು, ಗಾಳಿಯಲ್ಲಿ ಏನೇನೋ ಬರುತ್ತಿದೆಯೆಂದು ಪತ್ರಿಕೆಗಳೆಲ್ಲ ಬರೆದ ಮೇಲೆ, ವಿಶ್ವವಿದ್ಯಾಲಯದವರು ಆ ಪೆಟ್ಟಿಗೆಯನ್ನು ಕಾಲೇಜಿಗೆ ಕಳಿಸಿದ್ದರು. ಜಿಲ್ಲೆಯ ಶಾಲೆಗಳಲ್ಲಿ ವಿಕಿರಣ ಅಳೆಯಬೇಕು, ಮಕ್ಕಳು ಹಗಲೆಲ್ಲ ಇರುವ ಜಾಗ ಅದು ಎಂದು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ಅವನು ಬಸ್ಸುಗಳಲ್ಲಿ ಅಲೆದ. ಎಲ್ಲ ಕಡೆಯೂ ಅದೇ ನಿಧಾನ, ಬಂಡೆಯ ಸೀಮೆಯಲ್ಲಿ ಬಂಡೆಯಿಂದಲೇ ಬರುವಷ್ಟು, ಯಾವತ್ತೂ ಇದ್ದಷ್ಟು. ಮೊನ್ನೆ ಗೊಲ್ಲರಹಟ್ಟಿಯ ಶಾಲೆಗೆ ಹೋಗುವವರೆಗೆ.

ಅಲ್ಲಿ ಅದು ಒದರಿತು. ಟಿಕ್ ಟಿಕ್ ಎನ್ನಲಿಲ್ಲ, ಹುರಿಯುವ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಸಿಡಿಯಿತು. ಸಪ್ಪಳ ಕೇಳಿ ಮಕ್ಕಳು ಮೊದಲು ನಕ್ಕರು. ಅವನು ಕೋಣೆಯ ಒಂದು ಮೂಲೆಗೆ ಹೋದ, ಇನ್ನೊಂದಕ್ಕೆ ಹೋದ, ನಾಲ್ಕು ಮೂಲೆಯಲ್ಲೂ ಒಂದೇ ಸಮ. ಕಪ್ಪುಹಲಗೆಯ ಬಳಿ ಹೋದರೂ ಅಷ್ಟೇ, ಬಾಗಿಲ ಹತ್ತಿರ ಬಂದರೂ ಅಷ್ಟೇ. ಅಂಕಿಗಳನ್ನು ಯಾರ ಮುಂದೆಯೂ ಹೇಳಬೇಡಿ ಎಂದು ವಿಭಾಗದ ಮುಖ್ಯಸ್ಥರಾದ ಶಿವಕುಮಾರಪ್ಪನವರು ಎಚ್ಚರಿಸಿದ್ದರು. ಅವನು ಅಂಕಿ ಹೇಳಲಿಲ್ಲ. "ಹೊರಗೆ! ಹೊರಗೆ ನಡೀರಿ, ಎಲ್ಲಾರೂ ಹೊರಗೆ!" ಎಂದು ಕೂಗಿದ. ತನ್ನ ದನಿ ಅಷ್ಟು ಎತ್ತರಕ್ಕೆ ಹೋಗಬಲ್ಲದೆಂದು ಅವನಿಗೇ ಗೊತ್ತಿರಲಿಲ್ಲ. ಮಕ್ಕಳು ಸ್ಲೇಟುಗಳನ್ನು ಬಿಟ್ಟು ಓಡಿದವು. ಒಂದು ಪುಟ್ಟ ಹುಡುಗಿ ಹೊಸ್ತಿಲಲ್ಲಿ ಎಡವಿ ಬಿದ್ದು, ಅಳದೆ, ತಿರುಗಿ ಅವನ ಮುಖವನ್ನೇ ನೋಡಿತು.

"ರೀ," ಎಂದಳು ಸರ್ವಮಂಗಳ ಬಾಗಿಲ ಬಳಿ ನಿಂತು. ಪೂಜೆಯಲ್ಲಿದ್ದಾಗ ಅವಳು ಮಾತಾಡಿಸುವವಳಲ್ಲ. "ತಪ್ಪು ತಿಳ್ಕಾಬ್ಯಾಡ್ರಿ. ಅಂಗಿ ನೆನೆ ಹಾಕಾಕೆ ತಗಂಡಿದ್ದೆ. ಜೇಬಿನಾಗೆ ಇದೇನ್ರೀ, ಬಿಲ್ಲೆ?"

ಅವನು ಕಣ್ಣು ತೆರೆದ. ಅವಳ ಅಂಗೈಯಲ್ಲಿ ಎಂಟಾಣೆಯಷ್ಟಗಲದ ಕೆಂಪು ಬಿಲ್ಲೆ ಇತ್ತು. ಪೆಟ್ಟಿಗೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ದಿನವೂ ಬೆಳಿಗ್ಗೆ ಅದರ ಮುಂದೆ ಹಿಡಿದು ನೋಡುವ ಬಿಲ್ಲೆ. ಅದರೊಳಗೇ ಒಂದಿಷ್ಟು ವಿಕಿರಣ ಇರುತ್ತದೆ. ಅದರ ಜಾಗ ಜೇಬಲ್ಲ. ಪೆಟ್ಟಿಗೆಯ ತೊಗಲಿನ ಚೀಲದ ಒಳಮೈಗೆ ಸೀಸದ ತಗಡು ಸೇರಿಸಿ ಹೊಲಿದ ಒಂದು ಸಣ್ಣ ಗೂಡಿದೆ, ಅದು. ಮೊನ್ನೆಯದೆಲ್ಲ ಒಂದೊಂದಾಗಿ ನೆನಪಿಗೆ ಬಂತು: ಹಟ್ಟಿಯೊಳಗೆ ಕೆರವಾಗಲಿ ತೊಗಲಾಗಲಿ ಹೋಗುವಂತಿಲ್ಲ ಎಂದು ಮುಳ್ಳುಬೇಲಿಯ ಬಾಯಲ್ಲಿ ಹಟ್ಟಿಯ ಯಜಮಾನ ಜುಂಜಣ್ಣ ಹೇಳಿದ್ದು, ತಾನು ಚಪ್ಪಲಿಯ ಪಕ್ಕದಲ್ಲೇ ಚೀಲವನ್ನು ಕಲ್ಲಿನ ಮೇಲೆ ಬಿಚ್ಚಿಟ್ಟದ್ದು, ಯಾರಾದರೂ ಮಕ್ಕಳು ಎತ್ತಿಕೊಂಡು ಆಡಿಯಾವೆಂದು ಬಿಲ್ಲೆಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡದ್ದು, ಜುಂಜಣ್ಣನೇ ಕೊಟ್ಟ ಟವಲ್ಲಿನಲ್ಲಿ ಪೆಟ್ಟಿಗೆಯನ್ನು ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡದ್ದು, ಅದು ಬಂದು ಎದೆಗೆ, ಜೇಬಿಗೆ, ಜೇಬಿನ ಹಿಂದಿದ್ದ ಲಿಂಗಕ್ಕೆ ಒತ್ತಿ ನಿಂತದ್ದು. ನಾಲ್ಕು ಮೂಲೆಯಲ್ಲೂ ಒಂದೇ ಸಮ. ಹೆದರಿಕೆಯಲ್ಲಿ ಅಲ್ಲೇ ಗುಂಡಿ ಆರಿಸಿ ಬಂದಿದ್ದ, ನಿನ್ನೆ ಬೆಳಿಗ್ಗೆ ಹಚ್ಚಿ ನೋಡಿಯೂ ಇರಲಿಲ್ಲ. ಬೇಲಿ ದಾಟಿದ ಮೇಲೆ ಒಂದೇ ಒಂದು ಸಲ ಹಚ್ಚಿ ಕೇಳಿದ್ದರೆ! ಕೇಳುವುದೊಂದೇ ಅಲ್ಲವೇ ತನಗೆ ಬರುವುದು.

"ಕೈ ತೊಳ್ಕ," ಎಂದ ಅವನು. "ಏನೂ ಆಗಲ್ಲ. ಆದ್ರೂ ತೊಳ್ಕ."

"ಏನೂ ಆಗಲ್ಲ ಅಂದ್ರೆ ಯಾಕೆ ತೊಳ್ಕಾಬೇಕು?" ಎಂದಳು ಸರ್ವಮಂಗಳ. ಅವಳು ಹಂಗಿಸುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ಅವನು ಲಿಂಗವನ್ನು ಕೊರಳಿಗೆ ಹಾಕಿಕೊಂಡು, ಬಿಲ್ಲೆಯನ್ನು ತೆಗೆದುಕೊಂಡು ಎದ್ದ.

ಶಿವಕುಮಾರಪ್ಪನವರ ಮನೆ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಇತ್ತು. ನಿನ್ನೆ ಅಂಕಿಯನ್ನು ನೋಡಿ ಅವರ ಮುಖ ಅರಳಿತ್ತು. "ಸೋಮವಾರ ಇದನ್ನ ಮೇಲಕ್ಕೆ ಕಳಿಸಾಣ ಪಂಚಾಕ್ಷರಪ್ಪ. ನಮ್ ಕಾಲೇಜಿನ ಹೆಸರು ಬರುತ್ತೆ," ಎಂದು ಮೊದಲ ಸಲ ಕುರ್ಚಿ ಕೊಟ್ಟು ಕೂರಿಸಿದ್ದರು. ಮರದ ಆ ಕುರ್ಚಿಯ ನುಣುಪು ಇನ್ನೂ ಅವನ ತೊಡೆಯ ಹಿಂಭಾಗಕ್ಕೆ ನೆನಪಿತ್ತು. ಗೇಟಿನ ಬಳಿ ನಿಂತ, ಒಳಗೆ ರೇಡಿಯೋ ಕೇಳಿಸಿತು, ಮುಂದೆ ನಡೆದ. ಹೆಗಲಲ್ಲಿ ಪೆಟ್ಟಿಗೆಯಿತ್ತು, ಬಿಲ್ಲೆ ಅದರ ಸೀಸದ ಗೂಡಿನಲ್ಲಿತ್ತು, ಇದೆಯೇ ಎಂದು ಅವನು ಹೆಜ್ಜೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಹಟ್ಟಿಗೆ ಹತ್ತಿರದ ಊರಾದ ಮದಕರಿಪುರದ ಬಸ್ಸಿನಲ್ಲಿ ಅವನ ಹಿಂದಿನ ಸೀಟಿನಲ್ಲಿ ಇಬ್ಬರು ಮಾತಾಡುತ್ತಿದ್ದರು. "ಗೊಲ್ಲರಹಟ್ಟಿ ಇಸ್ಕೂಲ್ನಾಗೆ ಅದೇನೋ ವಿಷ ಹಬ್ಬೈತಂತಲ್ಲೋ." "ಹ್ಞೂಂ. ದುರ್ಗದಿಂದ ಯಾರೋ ಸಾಹೇಬ ಬಂದಿದ್ನಂತೆ. ಮಿಷನ್ ಇಟ್ಟು ನೋಡ್ದೋನೇ, ಕೆರ ಅಲ್ಲೇ ಬಿಟ್ಟು ಓಡಿದ್ನಂತೆ." "ಬರಿಗಾಲಾಗೇ?" "ಬರಿಗಾಲಾಗೇ! ಮದಕರಿಪುರ ಬಂದ ಮೇಲೇ ತಿರುಗಿ ನೋಡಿದ್ದಂತೆ." ಇಬ್ಬರೂ ನಕ್ಕರು. ಪಂಚಾಕ್ಷರಪ್ಪನ ಕಿವಿ ಬಿಸಿಯಾಯಿತು. ಚಪ್ಪಲಿ ಮೆಟ್ಟಿಕೊಂಡೇ ಬಂದೆ ಎಂದು ತಿರುಗಿ ಹೇಳಬೇಕೆನಿಸಿತು. ತನ್ನ ಬಗ್ಗೆ ಅವರಾಡಿದ ಮಾತಿನಲ್ಲಿ ಸುಳ್ಳಿದ್ದದ್ದು ಅದೊಂದೇ ಎಂದು ಹೊಳೆದು ಸುಮ್ಮನಾದ. ಕಿಟಕಿಯ ಹೊರಗೆ ಕಂಬಳಿ ಹೊದ್ದವನೊಬ್ಬ ಕುರಿಗಳನ್ನು ರಸ್ತೆಯಿಂದ ಇಳಿಸುತ್ತಿದ್ದ; ಕಂಬಳಿಯ ವಾಸನೆ ಬಸ್ಸಿನೊಳಗೂ ಬಂತು. ಚಿಕ್ಕಂದಿನಲ್ಲಿ ಹೊಳಲ್ಕೆರೆಯ ಮನೆಗೆ ತುಪ್ಪ ತರುತ್ತಿದ್ದ ಗೊಲ್ಲರ ಮಾರಣ್ಣನ ಕಂಬಳಿಯೂ ಹೀಗೇ ವಾಸನೆ ಹೊಡೆಯುತ್ತಿದ್ದಿರಬೇಕು. ಅಷ್ಟು ಹತ್ತಿರಕ್ಕೆ ಅವನು ಯಾವತ್ತೂ ಬಂದಿರಲಿಲ್ಲ, ಬರಲು ಬಿಟ್ಟಿರಲಿಲ್ಲ. ತುಪ್ಪದ ಗಡಿಗೆ ಕೊಟ್ಟು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ಅವ್ವ ಮೆಟ್ಟಿಲ ಮೇಲೆ ನಿಂತು ಚೊಂಬಿನಿಂದ ಎತ್ತರಿಸಿ ನೀರು ಸುರಿಯುತ್ತಿದ್ದಳು, ಅವನು ಬೊಗಸೆಯನ್ನು ಬಾಯಿಗೆ ಹಚ್ಚಿ ಕುಡಿಯುತ್ತಿದ್ದ, ಸಾಕಾದಾಗ ಬಾಯಿ ತುಂಬಿದ್ದರಿಂದ ಮಾತಾಡಲಾರದೆ ಒಂದು ಅಂಗೈಯನ್ನು ಮೇಲೆತ್ತುತ್ತಿದ್ದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಹುಡುಗನಿಗೆ, ಆ ಮನುಷ್ಯ ಮನೆಗೆ ಆಶೀರ್ವಾದ ಮಾಡಿ ಹೋಗುತ್ತಾನೆ ಎಂದೇ ಬಹಳ ದಿನ ಅನಿಸಿತ್ತು.

ಬಸ್ಸಿಳಿದಾಗ ಹಟ್ಟಿಯ ಶಾಲೆಯ ಮೇಷ್ಟ್ರು ಕೆಂಚಪ್ಪ ಅರಳಿಕಟ್ಟೆಯ ಬಳಿ ಸೈಕಲ್ಲು ಹಿಡಿದು ನಿಂತಿದ್ದ. ಕಂಡವನೇ ಸ್ಟ್ಯಾಂಡು ಕೂಡ ಹಾಕದೆ ಸೈಕಲ್ಲನ್ನು ಕಟ್ಟೆಗೆ ಒರಗಿಸಿದ.

"ಬಂದ್ರಾ? ನಿಮ್ಮನ್ನ ಹುಡುಕ್ಕಂಡು ದುರ್ಗಕ್ಕೇ ಹೊಂಟಿದ್ದೆ ಸಾರ್. ಏನ್ ಮಾಡಿಟ್ಟು ಹೋದ್ರಿ ನೀವು?"

"ಅಂಕಿ ತಪ್ಪು ಮೇಷ್ಟ್ರೇ. ನನ್ನಿಂದ ತಪ್ಪಾತು."

"ಅಂಕಿ ಮನೆ ಹಾಳಾಗ್ಲಿ. ಹೊರಗೆ ಅಂದ್ರಲ್ಲ, ಹೊರಗೆ ಇಟ್ಟವ್ರೆ."

ಪಂಚಾಕ್ಷರಪ್ಪನಿಗೆ ಅರ್ಥವಾಗಲಿಲ್ಲ. ಕೆಂಚಪ್ಪ ಸೈಕಲ್ಲು ತಳ್ಳಿಕೊಂಡು ನಡೆಯುತ್ತಲೇ ಹೇಳಿದ. ಮುಟ್ಟಾದ ಹೆಂಗಸರನ್ನು, ಹೆತ್ತವರನ್ನು ಹಟ್ಟಿಯವರು ಬೇಲಿಯ ಹೊರಗಿನ ಗುಡ್ಲಿನಲ್ಲಿ ಇರಿಸುತ್ತಾರೆ. ಮೊನ್ನೆ ಶಾಲೆಯ ಕೋಣೆಯಲ್ಲಿದ್ದ ಮಕ್ಕಳೆಲ್ಲ ಈಗ ಅಲ್ಲಿದ್ದಾವೆ. ಕಾಣದ್ದೇನೋ ಅಂಟಿದೆ ಎಂದು ತಿಳಿದವರೇ ಹೇಳಿದ ಮೇಲೆ, ಗುಡಿಯಿರುವ ಹಟ್ಟಿಯೊಳಗೆ ಅವನ್ನು ಹೇಗೆ ಬಿಟ್ಟುಕೊಂಡಾರು? ಎರಡು ರಾತ್ರಿ ಜಿಟಿಜಿಟಿ ಮಳೆಯಲ್ಲಿ ಸೋರುವ ಗುಡ್ಲು. ಜುಂಜಣ್ಣನ ಮಗಳು ಜುಂಜಮ್ಮನಿಗೆ ಜ್ವರ. ಆ ಜ್ವರವೇ ಈಗ ಸಾಕ್ಷಿ. "ಶಾಲೆ ಹಟ್ಟಿಯೊಳಗೆ ಐತೆ ಅಂತ ಹೆಣ್ಣುಮಕ್ಕಳನ್ನ ಕಳಿಸ್ತಿದ್ರು ಸಾರ್. ಮದಕರಿಪುರಕ್ಕೆ ಒಬ್ರನ್ನೂ ಕಳಿಸಲ್ಲ. ಒಂದೊಂದು ಮನೆ ಬಾಗ್ಲಾಗೆ ಎಷ್ಟು ದಿನ ಕುಂತಿದೀನಿ ಗೊತ್ತಾ ನಾನು?" ಅವನ ದನಿ ನಡುಗಿತು. ಅದನ್ನು ಮುಚ್ಚಲು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಒತ್ತಿದ. ಪಂಚಾಕ್ಷರಪ್ಪನಿಗೆ ಅದೂ ಪೆಟ್ಟಿಗೆಯ ಸದ್ದಿನಂತೆ ಕೇಳಿಸಿತು.

ಗುಡ್ಲು ಬೇಲಿಯಿಂದ ಒಂದು ಕೂಗಿನ ದೂರದಲ್ಲಿತ್ತು. ಬಗ್ಗಿದರೆ ಮಾತ್ರ ಒಳಗೆ ಕಾಣುವಷ್ಟು ತಗ್ಗು. ಒದ್ದೆ ಹುಲ್ಲಿನ ವಾಸನೆಯ ಕತ್ತಲಲ್ಲಿ ಮಕ್ಕಳ ಕಣ್ಣುಗಳು ಮೊದಲು ಕಂಡವು, ಆಮೇಲೆ ಮೊಣಕಾಲುಗಳು. ಆ ವಾರ ಹೊರಗಾಗಿದ್ದ ಸಿದ್ದಕ್ಕ ಎಂಬ ಹೆಂಗಸು ಒಂದು ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಇವಳನ್ನ ಮುಟ್ಟಾಕೆ ನಾನೊಬ್ಳೇ ಗತಿ," ಎಂದಳು. "ನಾನಿನ್ನು ನೀರು ಹಾಕ್ಕಂಡು ಒಳಕ್ಕೆ ಹೋಗಬೇಕು. ಆಮೇಲೆ ಯಾರು ಮುಟ್ತಾರೆ?" ಹುಡುಗಿ ತಲೆ ಎತ್ತಿತು. ಹೊಸ್ತಿಲಲ್ಲಿ ಎಡವಿ ಬಿದ್ದಿದ್ದ ಹುಡುಗಿ. ಅದರ ಮೊಣಕಾಲಿನ ಗಾಯದ ಮೇಲೆ ರಕ್ತ ಹೆಪ್ಪುಗಟ್ಟಿತ್ತು.

"ಸಾ," ಎಂದಳು ಜುಂಜಮ್ಮ, "ಅದು ಈಗ್ಲೂ ಒದರ್ತೈತಾ?"

ಅವನು ತಟ್ಟನೆ ಹಿಂದೆ ಸರಿದ. ಕೇಳಿದ ಮಗುವಿನ ಹಣೆ ಮುಟ್ಟಬೇಕೆಂದು ಅವನ ಕೈ ಹೊರಟಿತ್ತು, ಅರ್ಧದಲ್ಲಿ ನಿಂತುಬಿಟ್ಟಿತ್ತು. ತನಗೇನು ಭಯ? ಏನೂ ಅಂಟಿಲ್ಲವೆಂದು ಗೊತ್ತಿರುವವನು ತಾನೊಬ್ಬನೇ ಅಲ್ಲವೇ? ಗೊತ್ತಿದ್ದೂ ಕೈ ನಿಂತಿತು. ಕೈಗೆ ಬೇರೆಯೇ ಏನೋ ಗೊತ್ತಿರಬೇಕು. ಬೆಳಿಗ್ಗೆ ಸರ್ವಮಂಗಳ ಕೇಳಿದ್ದ ಪ್ರಶ್ನೆ ಇಲ್ಲಿಯವರೆಗೂ ಬಂದಿತ್ತು. ಅವನು ಹಲ್ಲು ಕಚ್ಚಿ ಅಂಗೈಯನ್ನು ಮಗುವಿನ ಹಣೆಗೆ ಒತ್ತಿದ. ಥಂಡಿಯ ಜ್ವರ. ಅಷ್ಟೇ. ಸಿದ್ದಕ್ಕ ಅವನನ್ನು ವಿಚಿತ್ರವಾಗಿ ನೋಡಿದಳು.

ಬೇಲಿಯ ಬಾಯಲ್ಲಿ ಜುಂಜಣ್ಣ ನಿಂತಿದ್ದ. ಅವನ ಹಿಂದೆ ಹಟ್ಟಿಯ ಗಂಡಸರು, ಪಕ್ಕದಲ್ಲಿ ಅವನ ತಾಯಿ ಕಾಟಮ್ಮ. ಒಳಗೆ, ದೇವರ ಗುಡಿಯ ಪಕ್ಕದಲ್ಲಿ, ಶಾಲೆಯ ಬಾಗಿಲಿಗೆ ಅಡ್ಡಲಾಗಿ ಕಾರೆಮುಳ್ಳಿನ ಕೊಂಬೆ ಇಟ್ಟದ್ದು ಕಾಣುತ್ತಿತ್ತು. ಪಂಚಾಕ್ಷರಪ್ಪ ಬೇಲಿಯ ಹೊರಗೇ ನಿಂತು ಹೇಳತೊಡಗಿದ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ಬರಲಿಲ್ಲ. ಪೆಟ್ಟಿಗೆಯ ಗುಂಡಿ ಒತ್ತಿದ. ಟಿಕ್ ಎಂದಿತು. ಗಂಡಸರು ಒಂದು ಹೆಜ್ಜೆ ಹಿಂದೆ ಹೋದರು.

"ಇನ್ನೂ ಬಡ್ಕಂತೈತಲ್ಲ ಸಾಮಿ!" ಎಂದ ಜುಂಜಣ್ಣ.

"ಇಷ್ಟು ಎಲ್ಲಾ ಕಡೆ ಇರುತ್ತೆ ಯಜಮಾನ್ರೇ. ಕಲ್ಲಿಗೂ ಇರುತ್ತೆ, ಮಣ್ಣಿಗೂ ಇರುತ್ತೆ. ಇದು ಹುಟ್ಟಿದಾಗಿಂದ ಇರೋದು."

"ನಮ್ಮ ಗುಡಿ ಕಲ್ಲಿಗೂ?"

ಹೌದೆಂದರೆ ಗುಡಿಗೂ ಮುಳ್ಳು ಬೀಳುತ್ತದೆಯೋ ಏನೋ. ಇಲ್ಲವೆಂದರೆ ಸುಳ್ಳು. ಅವನು ಚೀಲದ ಗೂಡಿನಿಂದ ಬಿಲ್ಲೆಯನ್ನು ತೆಗೆದು ಪೆಟ್ಟಿಗೆಯ ಮುಂದೆ ಹಿಡಿದ. ಸಾಸಿವೆ ಸಿಡಿಯಿತು. ಗೂಡಿಗೆ ಹಾಕಿದ, ನಿಂತಿತು. ಮತ್ತೆ ತೆಗೆದ. ಮೂರನೆಯ ಸಲ ಮಾಡುವಾಗ ತಾನು ಸಂತೆಯಲ್ಲಿ ಆಟ ತೋರಿಸುವವನಂತೆ ಕಾಣುತ್ತಿದ್ದೇನೆ ಎಂದು ನಾಚಿಕೆಯಾಯಿತು. "ಮೊನ್ನೆ ಒದರಿದ್ದು ಶಾಲೆಯಲ್ಲ. ಇದು. ತೊಗಲಿನ ಚೀಲ ಹೊರಗಿಟ್ಟೆನಲ್ಲ, ಆವಾಗ ಇದನ್ನ ಜೇಬಿಗೆ ಹಾಕ್ಕಂಡಿದ್ದೆ. ಮರೆತೆ."

"ನಿಮ್ಮ ಜೇಬಿನಾಗಿತ್ತು," ಎಂದ ಜುಂಜಣ್ಣ ನಿಧಾನವಾಗಿ.

"ಹೌದು."

"ಎದೆ ಮ್ಯಾಲೆ."

"ಹೌದು."

"ಲಿಂಗದ ಪಕ್ಕದಾಗೆ?" ಎಂದಳು ಕಾಟಮ್ಮ. ಅವನು ನೆಲ ನೋಡಿದ.

ಹಿಂದಿನಿಂದ ಒಬ್ಬ, "ಬೆಂಕಿ ಮಡ್ಲಾಗೆ ಕಟ್ಕಂಡು ಬಂದು ನಮ್ಮ ಗುಡಿಸಲು ಉರಿತೈತೆ ಅಂದ್ರೇನ್ರಿ ಸಾಹೇಬ್ರು!" ಎಂದ. ನಗು ಎದ್ದಿತು. ಆ ನಗುವಿಗೆ ಪಂಚಾಕ್ಷರಪ್ಪ ಸಿದ್ಧನಾಗಿದ್ದ. ಆದರೆ ಅದು ಬೇಗ ನಿಂತುಹೋದದ್ದಕ್ಕೆ ಸಿದ್ಧನಾಗಿರಲಿಲ್ಲ.

"ಇದರಿಂದ ನನಗೂ ಏನೂ ಆಗಿಲ್ಲ, ಮಕ್ಕಳಿಗೂ ಆಗಿಲ್ಲ. ಯಾರಿಗೂ ಏನೂ ಅಂಟಿಲ್ಲ. ಜ್ವರ ಥಂಡಿಗೆ ಬಂದಿರೋದು. ಒಳಕ್ಕೆ ಕರ್ಕಳ್ರಿ."

"ಹೊರಗೆ ಅಂದೋರೂ ನೀವೇ, ಒಳಗೆ ಅನ್ನೋರೂ ನೀವೇ," ಎಂದ ಜುಂಜಣ್ಣ. ಸಿಟ್ಟಿರಲಿಲ್ಲ, ದಣಿವಿತ್ತು. ಎರಡು ರಾತ್ರಿ ಅವನೂ ನಿದ್ದೆ ಮಾಡಿರಲಿಲ್ಲ ಎಂದು ಕಣ್ಣು ಹೇಳುತ್ತಿತ್ತು. "ಯಾವ ಮಾತು ಹಿಡೀಲಿ ಸಾಮಿ ನಾನು? ಅವಳು ನನ್ನ ಮಗಳು. ಇಲ್ಲಿಂದ ನರಳೋದು ಕೇಳ್ತೈತೆ."

ಪೆಟ್ಟಿಗೆ ಒಮ್ಮೆ ಟಿಕ್ ಎಂದಿತು, ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ. ಕಾಟಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವನನ್ನು ನೋಡಿದಳು. "ಬಂದದ್ದು ಎಲ್ಲಾದ್ರೂ ಒಂದು ಕಡೆ ಇರಬೇಕಲ್ಲಪ್ಪ. ಮಕ್ಕಳ ಮ್ಯಾಲಿಲ್ಲ ಅಂತೀಯ. ಇಸ್ಕೂಲ್ನಾಗಿಲ್ಲ ಅಂತೀಯ. ಮತ್ತೆ ಯಾರ ಮ್ಯಾಲೈತೆ?"

ಯಾರ ಮೇಲೂ ಇಲ್ಲ. ಅದೇ ನಿಜ. ಅವನು ಅದನ್ನು ಈಗಾಗಲೇ ಹೇಳಿದ್ದ, ಅದು ಅವರೆಲ್ಲರ ಮುಂದೆ ಬಿದ್ದಿತ್ತು, ಯಾರೂ ಎತ್ತಿಕೊಂಡಿರಲಿಲ್ಲ. ಇನ್ನೊಮ್ಮೆ ಹೇಳಬಹುದು. ಹೇಳಿ ಸಂಜೆಯ ಬಸ್ಸಿಗೆ ಹೋಗಬಹುದು, ಸೋಮವಾರ ಅಂಕಿಯನ್ನು ಹೊಡೆದು ಹಾಕಿಸಬಹುದು, ಶಿವಕುಮಾರಪ್ಪನವರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ, ಅಷ್ಟೇ. ವಿಕಿರಣದ ಲೆಕ್ಕ ಸರಿಯಾಗುತ್ತದೆ. ಗುಡ್ಲಿನಲ್ಲಿ ಮಗು ಕೆಮ್ಮಿತು. ಮೊನ್ನೆ ಆ ಕೋಣೆಯಲ್ಲಿ ನಾಲ್ಕು ಮೂಲೆಗೂ ಹೊತ್ತುಕೊಂಡು ಹೋದದ್ದನ್ನು, ಇವರು ಯಾವ ಹೆಸರಿನಿಂದಾದರೂ ಕರೆಯಲಿ, ಹೊತ್ತವನು ಯಾರು? ಉತ್ತರವನ್ನು ಅವನು ಯೋಚಿಸಿ ಹೇಳಲಿಲ್ಲ. ಸಾಲಿನ ಕೊನೆಯ ಪದ ಮೊದಲೇ ಗೊತ್ತಿದ್ದವನ ಬಾಯಿಂದ ಬಂದಂತೆ ಬಂತು.

"ನನ್ನ ಮೇಲೆ."

ಇದನ್ನು ಮಾತ್ರ ಎಲ್ಲರೂ ತಕ್ಷಣ ನಂಬಿದರು. ಬೇಲಿಯ ಆಚೆ ಒಂದು ಉಸಿರು ಬಿಟ್ಟಂತಾಯಿತು. ಜುಂಜಣ್ಣ ತಾಯಿಯ ಮುಖ ನೋಡಿದ, ಗುಡಿಯ ಕಡೆ ನೋಡಿದ. "ಹಂಗಾರೆ ಹೊರಗಿರಬೇಕಾದೋರು ನೀವು," ಎಂದ. "ಸೋಮವಾರ ದೇವರ ನೀರು ಹಾಕಾವರೆಗೂ. ನೀವು ಎದ್ದು ಹೋದ್ರೆ ನಾವು ಮಕ್ಕಳನ್ನ ಹೆಂಗೆ ಒಳಗಿಟ್ಕಳಾಣ?"

"ಏ ಜುಂಜಣ್ಣ!" ಎಂದ ಕೆಂಚಪ್ಪ. "ಏನಪ್ಪ ನೀನು? ಲಿಂಗವಂತರು ಕಣಪ್ಪ ಅವರು, ಕಾಲೇಜಿನೋರು. ಆ ಗುಡ್ಲಾಗೆ ಇರಾಕಾಗ್ತೈತಾ?"

"ಮಕ್ಕಳು ಇರಲಿಲ್ವೇನು ಮೇಷ್ಟ್ರೇ?" ಎಂದಳು ಕಾಟಮ್ಮ.

ಪಂಚಾಕ್ಷರಪ್ಪ ಪೆಟ್ಟಿಗೆಯ ಗುಂಡಿ ಆರಿಸಿದ. ಮನೆಗೆ ಸುದ್ದಿ ಮುಟ್ಟಿಸುವಂತೆ ಕೆಂಚಪ್ಪನಿಗೆ ಹೇಳಿದ. "ಏನಂತ ಹೇಳ್ಲಿ ಸಾರ್?" ಎಂದ ಅವನು. ಏನೆಂದು ಹೇಳುವುದು? ಸರ್ವಮಂಗಳ ಕೈ ತೊಳೆದುಕೊಂಡಳೇ ಎಂದು ಕೇಳಲು ಹೇಳಬೇಕೆನಿಸಿತು. "ಕೆಲಸ ಇನ್ನೂ ಮುಗಿದಿಲ್ಲ ಅಂತ ಹೇಳ್ರಿ," ಎಂದ.

ಮಕ್ಕಳನ್ನು ಒಂದೊಂದಾಗಿ ಬೇಲಿಯ ಬಾಯಿಗೆ ಕರೆದರು. ಕಾಟಮ್ಮ ಬೇವಿನ ಸೊಪ್ಪನ್ನು ನೀರಿನಲ್ಲಿ ಅದ್ದಿ ತಲೆಗೆ ಚಿಮುಕಿಸಿದಳು, ಚಿಮುಕಿಸಿದ್ದೇ ತಡ ಒಂದೊಂದೂ ತನ್ನ ತನ್ನ ತಾಯಿಯ ಸೊಂಟಕ್ಕೆ ಹೋಗಿ ಬಿತ್ತು. ಜುಂಜಮ್ಮನನ್ನು ಜುಂಜಣ್ಣನೇ ಎತ್ತಿಕೊಂಡ. ಅವಳ ಕುತ್ತಿಗೆಯಲ್ಲಿ ಮುಖವಿಟ್ಟು ಬಹಳ ಹೊತ್ತು ಹಾಗೇ ನಿಂತ. ಆಮೇಲೆ ಯಾರೋ ಹೋಗಿ ಶಾಲೆಯ ಬಾಗಿಲಿನ ಕೊಂಬೆಯನ್ನು ಎಳೆದು ಹಾಕಿದ್ದು, ಮುಳ್ಳು ನೆಲಕ್ಕೆ ಗೀರಿದ ಸದ್ದು, ಪಂಚಾಕ್ಷರಪ್ಪನಿಗೆ ಗುಡ್ಲಿನ ಬಾಯಲ್ಲಿ ಕೂತಲ್ಲಿಗೇ ಕೇಳಿಸಿತು. ಸಿದ್ದಕ್ಕ ಗುಡ್ಲಿನ ಆ ತುದಿಗೆ ಸರಿದು ಅವನಿಗೆ ಜಾಗ ಬಿಟ್ಟಿದ್ದಳು. "ಸೋರೋದು ಆ ಕಡೆ," ಎಂದು ಅಷ್ಟೇ ಹೇಳಿದಳು.

ಜೋಗಿಮಟ್ಟಿ ಬೆಟ್ಟದ ಕಡೆ ಬೆಳಕು ತಗ್ಗುತ್ತಿತ್ತು. ಬಸ್ಸು ಹೋದ ಸದ್ದು ದೂರದಲ್ಲಿ ಎದ್ದು ಅಡಗಿತು. ತಾನು ಹೇಳಿದ್ದು ಸುಳ್ಳೇ? ಅಂಗಿಯ ಮೇಲಿಂದ ಎದೆಯನ್ನು ಮುಟ್ಟಿಕೊಂಡ. ಲಿಂಗವಿತ್ತು. ಜೇಬು ಖಾಲಿಯಿತ್ತು. ಆದರೂ ಆ ಜಾಗದಲ್ಲಿ ಎಂಟಾಣೆಯಷ್ಟಗಲ ಏನೋ ಒತ್ತುತ್ತಿತ್ತು, ಯಾವ ಪೆಟ್ಟಿಗೆಯೂ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಸುಳ್ಳೆಂದು ಅವನಿಗೆ ಖಚಿತವಾಗಿ ಹೇಳಲಾಗಲಿಲ್ಲ. ಹಾಗೆಂದು ಮನಸ್ಸು ನೆಮ್ಮದಿಯಾಗಲೂ ಇಲ್ಲ. ನಾಳೆ ಮಗುವಿನ ಜ್ವರ ಏರಿದರೆ? ಸೋಮವಾರದ ಆಚೆ ಇನ್ನಾರಿಗೋ ಜ್ವರ ಬಂದರೆ? ಅವನು ಬೇಲಿಯ ಕಡೆ ಕಿವಿಗೊಟ್ಟು ಕೂತ. ಒಳಗೆ ಯಾರೋ ಮಕ್ಕಳ ಕೈಲಿ ಮಗ್ಗಿ ಹೇಳಿಸುತ್ತಿದ್ದರು. ಅದಕ್ಕೆ ತಾಳವಿತ್ತು. ಬೆರಳು ತೊಡೆಯ ಮೇಲೆ ತಾನಾಗಿ ಎದ್ದಿತು.

ಕಾಟಮ್ಮ ಮುತ್ತುಗದ ಎಲೆಯಲ್ಲಿ ಮುದ್ದೆ ತಂದಳು. ಅವನಿಂದ ದೂರದಲ್ಲಿ ನೆಲಕ್ಕಿಟ್ಟು ಹಿಂದೆ ಸರಿದು ನಿಂತಳು. ಅವನು ಎದ್ದು ಹೋಗಿ ಎತ್ತಿಕೊಂಡ. ಉಂಡ. "ನೀರು ಬೇಕೇನಪ್ಪ?" ಎಂದಳು ಅವಳು. ಬಳಿಗೆ ಬಂದು, ತಾಗದಂತೆ ಚೊಂಬನ್ನು ಎತ್ತರಕ್ಕೆ ಹಿಡಿದಳು. ಅವನು ಕುಕ್ಕರಗಾಲಿನಲ್ಲಿ ಕೂತು ಬೊಗಸೆಯನ್ನು ಬಾಯಿಗೆ ಹಚ್ಚಿದ. ಹಾಗೆ ಕೂರುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ನೀರು ಎತ್ತರದಿಂದ ಬಂದು ಕೈಗೆ, ಮೂಗಿಗೆ, ಅಂಗಿಯೊಳಗೆ ಲಿಂಗದವರೆಗೂ ಹರಿಯಿತು. ಅವಳು ನಿಲ್ಲಿಸದೆ ಸುರಿದಳು. ಬಾಯಿ ತುಂಬಿದ್ದರಿಂದ ಮಾತಾಡಲಾರದೆ ಅವನು ಒಂದು ಅಂಗೈಯನ್ನು ಮೇಲೆತ್ತಿದ.

ಬೇಲಿಯ ಮುಳ್ಳಿನ ಸಂದಿಯಲ್ಲಿ, ಅಪ್ಪನ ಹೆಗಲ ಮೇಲಿನಿಂದ ಜುಂಜಮ್ಮ ಇತ್ತಲೇ ನೋಡುತ್ತಿದ್ದಳು. ಎತ್ತಿದ ಕೈ ತನಗೇ ಎಂದುಕೊಂಡು, ಕಂಬಳಿಯೊಳಗಿಂದ ತನ್ನ ಪುಟ್ಟ ಕೈಯನ್ನು ಹೊರಗೆ ತೆಗೆದು, ತಾನೂ ಎತ್ತಿದಳು.